ಪರಿಚಯ ಪ್ರೂಫ್ ಅಲ್ಲ

ಅವರು ಎಸ್ಸೆಸ್ಸೆಲ್ಸಿ ಪಾಸಾಗುವುದು ಈ ಜನ್ಮಕ್ಕೆ ಆಗದ ಮಾತು ಎಂದು ಹೇಳಿದವನು ನಾನು. ಬೇರೆ ಯಾರ ಮೇಲಾದರೂ ಹಾಕೋಣವೆಂದರೆ ಸಾಕ್ಷಿಗಳಿದ್ದಾರೆ. ಮತ್ತಿಕೆರೆಯ ಒಂದು ಬಾರಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಇಬ್ಬರು ಸಪ್ಲೈಯರು, ಒಬ್ಬ ಅಡುಗೆಯವ, ನಾಲ್ಕು ಜನ ಗಿರಾಕಿಗಳ ಎದುರಿಗೆ, ಲೈಮ್ ಸೋಡ ಕುಡಿಯುತ್ತಾ ಹೇಳಿದ್ದೆ. ಕುಡಿದ ಮತ್ತಿನಲ್ಲಿ ಬಾಯಿತಪ್ಪಿ ಬಂತು ಎಂದು ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಅವರು ನನಗೆ ಕುಡಿಯಲು ಕೊಟ್ಟಿದ್ದರೆ ತಾನೆ?

ಆ ಬಾರಿನ ಕೌಂಟರಿನಲ್ಲಿ ಅವರು ಇಪ್ಪತ್ತೆಂಟು ವರ್ಷ ನಿಂತಿದ್ದರು. ಕಳೆದ ತಿಂಗಳು ಮಂಡಿನೋವೆಂದು ಕೆಲಸ ಬಿಟ್ಟರು. ಕೊನೆಯ ದಿನ ಹಾರ, ಶಾಲು, ಕೇಕು ಎಲ್ಲ ಇತ್ತು. ನಾನೂ ಹೋಗಿ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡೆ. ಆಮೇಲೆ, "ಅಣ್ಣ, ಇವತ್ತಾದ್ರೂ ನಿಮ್ ಕೈಯಿಂದ ಒಂದು ಸಿಕ್ಸ್‌ಟಿ ಹಾಕಿ" ಎಂದೆ. ಹೆಗಲ ಮೇಲೆ ಶಾಲು ಇದ್ದ ಹಾಗೆಯೇ ಕೈ ಚಾಚಿದರು.

"ಕಾರ್ಡು?"

ಮನೆಯಲ್ಲಿ ಬಿಟ್ಟು ಬಂದಿದ್ದೆ. ನನಗೀಗ ಮೂವತ್ತೆರಡು. ಮೀಸೆ ಇನ್ನೂ ಬರುವ ಮನಸ್ಸು ಮಾಡಿಲ್ಲ, ಆದರೆ ಕಿವಿಯ ಪಕ್ಕ ಎರಡು ಬಿಳಿ ಕೂದಲಿವೆ. ತಲೆ ಓರೆ ಮಾಡಿ ತೋರಿಸಿದೆ.

"ಬಣ್ಣ ಅಚ್ಕೊಂಡು ಬರ್ತಾರೆ ಉಡುಗ್ರು" ಎಂದು ಲೈಮ್ ಸೋಡ ಮುಂದಕ್ಕೆ ತಳ್ಳಿದರು.

ನನ್ನ ವಿಷಯ ಎರಡು ಮಾತು ಹೇಳದೆ ಇದು ಅರ್ಥವಾಗುವುದಿಲ್ಲ. ನಮ್ಮಪ್ಪ ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಸೇರಿಸಿದರೂ ಡಿಗ್ರಿ ಮುಗಿಸಿದ ಮೊದಲನೆಯವನು ನಾನೇ. ಬೆಳಿಗ್ಗೆ ಮನೆಮನೆಗೆ ನೀರಿನ ಕ್ಯಾನ್ ಹಾಕಿ, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮಾಡಿದೆ. "ಇವ್ನು ಡಿಗ್ರಿ ಮಾಡಿದ್ರೆ ನಾನು ಮೀಸೆ ಬೋಳಿಸ್ತೀನಿ" ಎಂದಿದ್ದ ದೊಡ್ಡಪ್ಪ ಈಗಲೂ ಮೀಸೆ ಇಟ್ಟುಕೊಂಡೇ ಓಡಾಡುತ್ತಿದ್ದಾರೆ. ನಾನು ಎದುರಿಗೆ ಬಂದರೆ ಮಾತ್ರ ಕೈ ಅಡ್ಡ ಹಿಡಿದು ಕೆಮ್ಮುತ್ತಾರೆ. ಮತ್ತಿಕೆರೆಯ ಒಂದು ಖಾಸಗಿ ಕಾಲೇಜಿನ ಅಡ್ಮಿಷನ್ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಕೆಲಸವೇನೆಂದರೆ, ಬಂದವರ ದಾಖಲೆ ನೋಡಿ "ಒರಿಜಿನಲ್ ಎಲ್ಲಿ? ನಾಳೆ ಬನ್ನಿ" ಎನ್ನುವುದು. ಕಾಲೇಜಿನ ಕಾರ್ಡನ್ನು ಕೊರಳಿಗೆ ಹಾಕಿಕೊಂಡೇ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಭಾನುವಾರವೂ.

ಆದರೆ ಹುಟ್ಟಿದ ದಿನಾಂಕವಿರುವ ನನ್ನ ಯಾವ ಕಾಗದವೂ ನನ್ನ ಕೈಯಲ್ಲಿ ಇರುತ್ತಿರಲಿಲ್ಲ. ಅದೆಲ್ಲ ಅಮ್ಮನ ಸುಪರ್ದಿ. ಆಧಾರ್ ಕಾರ್ಡಿನಿಂದ ಹಿಡಿದು ಡಿಗ್ರಿ ಸರ್ಟಿಫಿಕೇಟಿನವರೆಗೆ ಎಲ್ಲವನ್ನೂ ಒಂದು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಬೀರುವಿನಲ್ಲಿ ತನ್ನ ಧಾರೆ ಸೀರೆಯ ಕೆಳಗೆ ಇಟ್ಟಿದ್ದಳು. ಕೇಳಿದರೆ, "ಆಚೆ ತಗೊಂಡು ಹೋದ್ರೆ ಬಸ್ಸಲ್ಲಿ ಬಿಟ್ಟು ಬರ್ತೀಯ. ಇವು ನಿಂದಲ್ಲ, ನಮ್ದು" ಎನ್ನುತ್ತಿದ್ದಳು. ಕಾಡಿಬೇಡಿ ಆಧಾರ್ ಕಾರ್ಡನ್ನು ಒಂದು ದಿನ ಆಚೆ ತೆಗೆಸಿದರೆ ಮಾರನೆಯ ದಿನ ಅದು ಮತ್ತೆ ಸೀರೆಯ ಕೆಳಗೆ ಇರುತ್ತಿತ್ತು. ಕೇಳಿ ಇಸಿದುಕೊಳ್ಳುವುದನ್ನು ನಾನೂ ಮರೆಯುತ್ತಿದ್ದೆ. ದಿನವಿಡೀ ಬೇರೆಯವರ ಕಾಗದ ತಡಕುವವನಿಗೆ ತನ್ನದು ನೆನಪಿರುವುದಿಲ್ಲ.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೆಲಸ ಕಾಯಂ ಆದ ಶನಿವಾರ, ಅರ್ಧ ದಿನ ಮುಗಿಸಿ, ದೊಡ್ಡ ಮನುಷ್ಯನಂತೆ ಒಬ್ಬನೇ ಆ ಬಾರಿಗೆ ಹೋದೆ. ಕೌಂಟರಿನ ಹಿಂದೆ ಸಣಕಲು ಆಸಾಮಿಯೊಬ್ಬರು ನಿಂತಿದ್ದರು. ಮರೂನ್ ಅಂಗಿ, ಜೇಬಿನಲ್ಲಿ ಬಾಚಣಿಗೆ, ಬಲಗೈ ಹೆಬ್ಬೆರಳಿಗೆ ಬೇಕೆಂದೇ ಬೆಳೆಸಿದ ಉಗುರು.

"ಒಂದು ಬಿಯರ್" ಎಂದೆ.

"ಕಾರ್ಡು?"

"ಯಾವ ಕಾರ್ಡು?"

"ಉಟ್ಟಿದ್ ದಿನ ಇರೋದು."

ಕೊರಳಿನ ಕಾರ್ಡನ್ನು ಬಿಚ್ಚಿ ಕೊಟ್ಟೆ. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದರು. ತಿರುಗಿಸಿದರು. ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಒಂದು ಸಲ ಕೆರೆದರು.

"ಇದ್ರಾಗೆ ನಿನ್ ರಕ್ತದ ಗುಂಪೈತೆ, ಪ್ರಿನ್ಸಿಪಾಲ್ರ ಸೈನೈತೆ. ವಯಸ್ಸೆಲ್ಲೈತೆ ತಮ್ಮಾ?"

"ಅಣ್ಣ, ನಾನು ಡಿಗ್ರಿ ಮಾಡಿದೀನಿ. ವಯಸ್ಸಾಗದೆ ಡಿಗ್ರಿ ಹೆಂಗ್ ಬರತ್ತೆ?"

"ಸರ್ಟಿಫಿಕೇಟ್ ತಂದಿದೀಯಾ?"

"ಬಾರಿಗೆ ಯಾರಾದ್ರೂ ಡಿಗ್ರಿ ಸರ್ಟಿಫಿಕೇಟ್ ತರ್ತಾರಾ?"

"ಮತ್ತೆ ಬಾಯಲ್ಲಿ ಯಾಕ್ ತಂದೆ?"

ಫೋನಿನಲ್ಲಿ ಆಧಾರ್ ತೋರಿಸಲು ಹೋದೆ. ಅವರು ನೋಡಲೂ ಇಲ್ಲ. "ಫೋನೆಲ್ಲಾ ನಮ್ಮತ್ರ ನಡ್ಯಲ್ಲ. ಈ ಕಾಲೇಜ್ ಉಡುಗ್ರು ಫೋನಾಗೆ ಅವರಪ್ಪನ್ನೇ ಒಸದಾಗಿ ತಯಾರ್ ಮಾಡ್ತಾರೆ. ಕೈಗೆ ಸಿಗ್ಬೇಕು, ಉಗುರಿಗೆ ಸಿಗ್ಬೇಕು." ಆ ದಿನ ನನಗೆ ಸಿಕ್ಕಿದ್ದು ಲೈಮ್ ಸೋಡ.

ಕಾಲೇಜಿನಲ್ಲಿ ನನ್ನ ಪಕ್ಕದ ಟೇಬಲಿನವನಿಗೆ ಈ ಅವಮಾನ ಹೇಳಿಕೊಂಡೆ. ಅವನು ಇಂಥ ವಿಷಯಗಳಲ್ಲಿ ಪಂಡಿತ. "ಬಾರ್‌ನೋರ ಜೊತೆ ಪರಿಚಯ ಬೆಳೆಸ್ಕೋಬೇಕು ಮಗಾ. ಊರು ಕೇಳು, ಆರೋಗ್ಯ ಕೇಳು, ಟಿಪ್ಸ್ ಇಡು. ನಾಲ್ಕನೇ ವಾರಕ್ಕೆ ನಿನ್ ಮುಖಾನೇ ಐಡಿ" ಎಂದ. ನಾನು ಪರೀಕ್ಷೆಗೆ ಓದಿದಷ್ಟೇ ಶ್ರದ್ಧೆಯಿಂದ ಪರಿಚಯ ಬೆಳೆಸಲು ಹೊರಟೆ.

ಮೊದಲ ಶನಿವಾರ ಊರು ಕೇಳಿದೆ. "ಯಲಹಂಕದ ಪಕ್ಕ" ಎಂದರು. "ಪಕ್ಕ ಅಂದ್ರೆ ಯಾವ ಕಡೆ ಅಣ್ಣ?" ಎಂದೆ. "ಯಾಕೆ, ಎಣ್ಣು ಕೊಡ್ತೀಯಾ?" ಎಂದರು.

ಎರಡನೆಯ ಶನಿವಾರ ಮಂಡಿನೋವು ಹೇಗಿದೆ ಎಂದು ವಿಚಾರಿಸಿದೆ. ಮುಕ್ಕಾಲು ಗಂಟೆ ಹೇಳಿದರು. ಎಡಮಂಡಿಗೂ ಬಲಮಂಡಿಗೂ ಇರುವ ವ್ಯತ್ಯಾಸ, ಹೆಬ್ಬಾಳದ ಡಾಕ್ಟರು ಹೇಳಿದ್ದು, ಕೊಡಿಗೇಹಳ್ಳಿಯ ಎಣ್ಣೆ ಹಚ್ಚುವವನು ಅದಕ್ಕೆ ನಕ್ಕಿದ್ದು. ನಾನು ಹೂಂಗುಟ್ಟಿ ಹೂಂಗುಟ್ಟಿ ಸುಸ್ತಾದೆ. ಕೊನೆಗೆ ಅವರ ಕಣ್ಣಲ್ಲಿ ನೀರಾಡಿತು. "ಇಷ್ಟೊತ್ತು ನನ್ ಕಷ್ಟ ಕೇಳಿದ್ಯಲ್ಲಾ, ಪುಣ್ಯಾತ್ಮ ಕಣಪ್ಪ ನೀನು" ಎಂದು ಕೈ ಹಿಡಿದುಕೊಂಡರು. ಬಂತು ಬಿಯರು ಎಂದುಕೊಂಡೆ. "ಕಾರ್ಡು?" ಎಂದರು.

ಮೂರನೆಯ ಶನಿವಾರ ಟಿಪ್ಸ್ ಇಟ್ಟೆ. ಆ ನೋಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಸಪ್ಲೈಯರುಗಳ ಡಬ್ಬಿಗೆ ಹಾಕಿ, "ನೋಡ್ರಪ್ಪಾ, ಸೋಡಕ್ಕೆ ಟಿಪ್ಸ್ ಕೊಟ್ಟ ಮೊದಲ್ನೇ ಗಿರಾಕಿ!" ಎಂದು ಕೂಗಿದರು. ಮೂಲೆಯ ಟೇಬಲಿನವರು ಚಪ್ಪಾಳೆ ತಟ್ಟಿದರು.

ನಾಲ್ಕನೆಯ ಶನಿವಾರ ಬೇರೆ ದಾರಿ ಕಾಣದೆ, ಅಮ್ಮ ನಲ್ಲಿಗೆ ನೀರು ಹಿಡಿಯಲು ಹೋಗಿದ್ದಾಗ ಧಾರೆ ಸೀರೆಯ ಕೆಳಗೆ ಕೈ ಹಾಕಿದೆ. ಅವರು ಕೇಳುವ ಮೊದಲೇ ಕಾರ್ಡನ್ನು ಕೌಂಟರಿನ ಮೇಲೆ ಇಟ್ಟೆ. ಅವರು ಕೆರೆದರು, ಬೆಳಕಿಗೆ ಹಿಡಿದರು, ನನ್ನ ಮುಖವನ್ನೂ ಫೋಟೊವನ್ನೂ ಮೂರು ಸಲ ನೋಡಿದರು. "ಉಟ್ಟಿರೋದೇನೋ ನಿಜ" ಎಂದು ಬಿಯರ್ ತೆಗೆದರು. ಮರುದಿನ ಭಾನುವಾರ, ಗೆದ್ದ ಹುಮ್ಮಸ್ಸಿನಲ್ಲಿ ಮತ್ತೆ ಹೋದೆ. ಅಷ್ಟರಲ್ಲಿ ಕಾರ್ಡು ಸೀರೆಯ ಕೆಳಗೆ ವಾಪಸಾಗಿತ್ತು.

"ಕಾರ್ಡು?"

"ನಿನ್ನೆ ತೋರ್ಸಿದ್ನಲ್ಲಣ್ಣ!"

"ನಿನ್ನೆ ತೋರ್ಸಿದ್ದು ನಿನ್ನೆಗಾಯ್ತು."

"ಒಂದೇ ದಿನದಲ್ಲಿ ನನ್ನ ವಯಸ್ಸು ಕಮ್ಮಿ ಆಗೋಯ್ತಾ?"

"ತಮ್ಮಾ, ಪರಿಚಯ ಬೇರೆ, ಪ್ರೂಫ್ ಬೇರೆ. ಪರಿಚಯ ಪ್ರೂಫ್ ಅಲ್ಲ" ಎಂದು ನಿಂಬೆಹಣ್ಣು ಕೊಯ್ಯತೊಡಗಿದರು.

ಈ ಹಟಕ್ಕೆ ಒಂದು ಕತೆಯಿತ್ತು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಕ್ಕದ ಬೀದಿಯ ಪರಿಚಯದವರ ಮಗ ಎಂದು ಒಬ್ಬನಿಗೆ ಕೇಳದೆ ಗ್ಲಾಸು ತುಂಬಿದ್ದರಂತೆ. ದಪ್ಪ ಮೀಸೆ, ಗಡಸು ದನಿ. ಮೂರನೆಯ ಗ್ಲಾಸಿಗೆ ಅವನು ಎದ್ದು ಹೋಗಿ, ಆಗತಾನೆ ಬಾಗಿಲಿಗೆ ಬಂದಿದ್ದ ಅಬಕಾರಿ ಇನ್‌ಸ್ಪೆಕ್ಟರ ಬೂಟಿನ ಮೇಲೆ ವಾಂತಿ ಮಾಡಿದ. ವಿಚಾರಿಸಿದರೆ ಒಂಬತ್ತನೇ ಕ್ಲಾಸು. ಬಾರಿಗೆ ಎಂಟು ದಿನ ಬೀಗ. "ಅವತ್ತಿಂದ ಮೀಸೆ ನಂಬಾದ್ ಬಿಟ್ಟೆ" ಎನ್ನುತ್ತಿದ್ದರು. ಇಲ್ಲದ ಮೀಸೆಯ ನನಗೆ ಇದೊಂದು ಸಮಾಧಾನ.

ಸುಳ್ಳು ಕಾರ್ಡುಗಳ ವಿಷಯದಲ್ಲಿ ಅವರ ಉಗುರಿಗೆ ಎದುರಿಲ್ಲ. ಅಣ್ಣನ ಕಾರ್ಡು ತಂದ ಹುಡುಗನಿಗೆ, "ಇದ್ರಾಗಿರೋನ್ನ ಕರ್ಕೊಂಬಾ, ಅವನಿಗೆ ಆಕ್ತೀನಿ, ನೀನು ಪಕ್ಕದಾಗೆ ಕೂತು ಚಿಪ್ಸ್ ತಿನ್ನು" ಎಂದು ಕಳಿಸುತ್ತಿದ್ದರು. ರಿಸಲ್ಟು ಬಂದಾಗ ಸುತ್ತಲಿನ ರೂಮುಗಳ ಹುಡುಗರು ಗುಂಪಾಗಿ ಬರುತ್ತಿದ್ದರು. ಇವರು ಕಾರ್ಡಿನ ಜೊತೆ ಮಾರ್ಕ್ಸನ್ನೂ ಕೇಳುವರು. ಯಾರಾದರೂ ಮೂವತ್ತೈದು ಎಂದರೆ ಮುಗಿಯಿತು. "ಅದು ನಿನ್ ಮಾರ್ಕ್ಸಲ್ಲ, ಪೇಪರ್ ನೋಡಿದ್ ಮೇಷ್ಟ್ರ ಒಳ್ಳೇತನ. ಮೂವತ್ತಾರು ತಗೊಂಡೋನು ತಾನಾಗಿ ಪಾಸಾದೋನು." ಎಲ್ಲರೂ ನಗುತ್ತಿದ್ದರು. ನಾನು ಸೋಡದ ಗುಳ್ಳೆ ನೋಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ಬಂದಿದ್ದು ಸರಿಯಾಗಿ ಮೂವತ್ತೈದು. ಈ ಸಂಗತಿ ಧಾರೆ ಸೀರೆಯ ಕೆಳಗೆ ಮಾತ್ರ ಇತ್ತು.

ಹೀಗೆ ಒಂದು ವರ್ಷ ಕಳೆಯಿತು. ಬಾರಿನ ಹಳೆಯ ಸಾಹುಕಾರರು ಹಾಸಿಗೆ ಹಿಡಿದು, ಮಗ ಬಂದು ಕುಳಿತ. ಅವನಿಗೆ ಬಾರು ಎಂಬ ಹೆಸರೇ ನಾಚಿಕೆ. ಒಳಗೆ ಸೀಲಿಂಗಿನಿಂದ ಬಲ್ಬು ಇಳಿಬಿಟ್ಟು, ಗೋಡೆಗೆ ಸೈಕಲ್ಲು ನೇತುಹಾಕಿ ಲೌಂಜ್ ಮಾಡಲು ಹೊರಟ. ಒಂದು ಶನಿವಾರ ನಾನು ಹೋದಾಗ, ಯಾವುದೋ ಏಜೆನ್ಸಿಯ ಹುಡುಗಿ ಲ್ಯಾಪ್‌ಟಾಪ್ ತೆರೆದು ಕುಳಿತು ಕೆಲಸದವರ ದಾಖಲೆ ನೋಡುತ್ತಿದ್ದಳು. ನಮ್ಮ ಕೌಂಟರಿನವರ ಸರದಿ ಬಂತು.

"ಟೆಂತ್ ಮಾರ್ಕ್ಸ್ ಕಾರ್ಡ್ ಕೊಡಿ ಅಂಕಲ್."

"ಇಪ್ಪತ್ಮೂರು ವರ್ಷದಿಂದ ಇಲ್ಲೇ ನಿಂತಿವ್ನಿ ಕಣಮ್ಮ. ಯಾರನ್ನಾದ್ರೂ ಕೇಳು."

"ಅದು ಎಕ್ಸ್‌ಪೀರಿಯೆನ್ಸ್ ಅಂಕಲ್. ನಾನು ಕೇಳ್ತಿರೋದು ಮಾರ್ಕ್ಸ್ ಕಾರ್ಡು."

"ಮತ್ತಿಕೆರೆನಾಗೆ ಎಲ್ರೂ ನನ್ನ ಬಲ್ರು."

"ನಾನು ಜಯನಗರದಿಂದ ಬರ್ತೀನಲ್ಲಾ ಅಂಕಲ್."

ಅವರು ಒಂದು ನಿಂಬೆಹಣ್ಣು ಕೊಯ್ದರು. ಆಮೇಲೆ ಲೈಮ್ ಸೋಡ ಮಾಡಿ ತಂದು ಅವಳ ಮುಂದೆ ಇಟ್ಟು, ಮೆತ್ತಗೆ, "ನಿಂದು ಮೂಲ ಯಾವೂರಮ್ಮಾ?" ಎಂದು ಕೇಳಿದರು.

ನನಗೆ ನಗು ತಡೆಯಲಾಗಲಿಲ್ಲ. ನಾನು ಒಂದು ತಿಂಗಳು ಪಟ್ಟ ಪಾಡನ್ನೆಲ್ಲ ಅವರು ಐದೇ ನಿಮಿಷದಲ್ಲಿ ಪಟ್ಟರು. ಊರು ಕೇಳಿದರು, ಆರೋಗ್ಯ ಕೇಳಿದರು, ಮಂಡಿಯನ್ನೂ ತೋರಿಸಿದರು. ಅವಳು ಸೋಡ ಪೂರ್ತಿ ಕುಡಿದು, ಥ್ಯಾಂಕ್ಸ್ ಹೇಳಿ, ಹತ್ತನೇ ಕ್ಲಾಸು ಇಲ್ಲದವರು ಮುಂದಿನ ವರ್ಷ ಹೊಸ ಕೌಂಟರ್ ತೆರೆಯುವ ಹೊತ್ತಿಗೆ ಕೆಳಗಿನ ಗೋಡೌನಿಗೆ ಹೋಗಬೇಕು ಎಂದು ಹೇಳಿ ಹೋದಳು. ಗೋಡೌನೆಂದರೆ ಕಿಟಕಿಯಿಲ್ಲದ ನೆಲಮಾಳಿಗೆ. ಖಾಲಿ ಬಾಟಲಿಯ ಕ್ರೇಟು ಎತ್ತಿಡುವ ಕೆಲಸ. ಅವರ ಮಂಡಿಗೆ ಆ ಹದಿನಾಲ್ಕು ಮೆಟ್ಟಿಲೇ ಸಾಕಿತ್ತು.

ಅವರು ಎಸ್ಸೆಸ್ಸೆಲ್ಸಿಗೆ ಕೂತಿದ್ದರು, ಗಣಿತದಲ್ಲಿ ಹೋಗಿತ್ತು, ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಈಗ ಐವತ್ಮೂರು. ಒಬ್ಬ ಸಪ್ಲೈಯರು ಯಾರನ್ನೋ ಹಿಡಿದು ಒಂದು ಸ್ಯಾಂಪಲ್ ಮಾರ್ಕ್ಸ್ ಕಾರ್ಡು ತಂದ. ಬೇಕಾದ ಹೆಸರು, ಬೇಕಾದ ಮಾರ್ಕ್ಸು, ಮೂರು ದಿನದ ಕೆಲಸ. ಅವರು ಅಭ್ಯಾಸಬಲದಿಂದ ಸೀಲನ್ನು ಉಗುರಿನಿಂದ ಕೆರೆದರು. ಉಗುರು ನೇರಳೆಯಾಯಿತು.

"ಇಂಥವನ್ನೆಲ್ಲ ಇಷ್ಟು ವರ್ಷ ಆಚೆಗೆ ಎಸೆದು, ಈಗ ನಾನೇ ಇಟ್ಕೊಂಡು ನಿಂತ್ಕೊಳ್ಳಾ? ಬೇಡ. ಬರೀತೀನಿ. ಆರೂ ಸಬ್ಜೆಕ್ಟು ಒಸದಾಗಿ ಬರೀತೀನಿ."

ಆಗ ನಾನು ಆ ಮಾತು ಹೇಳಿದೆ. "ಅಣ್ಣ, ಸುಮ್ನೆ ಫೀಸು ಕಟ್ಟಿ ಹಾಳ್ಮಾಡ್ಬೇಡಿ. ಓದೋದು ಅಂದ್ರೆ ಪೆಗ್ ಹಾಕಿದಂಗಲ್ಲ. ನೀವು ಪಾಸಾಗೋದು ಈ ಜನ್ಮಕ್ಕೆ ಆಗಲ್ಲ."

ಯಾರೂ ನಗಲಿಲ್ಲ. ಅಡುಗೆಯವನು ಒಳಗೆ ಹೋದ. ನನಗೇ ಆಶ್ಚರ್ಯವಾಗುವಷ್ಟು ಹಾಯಾಗಿ ಆ ಮಾತು ಬಂದಿತ್ತು. ಒಂದು ವರ್ಷದ ಸೋಡದ ಸೇಡು ಇತ್ತು, ಸುಳ್ಳೇಕೆ. ಜೊತೆಗೆ ಇನ್ನೊಂದಿತ್ತು: ನಾನು ಕ್ಯಾನ್ ಹೊತ್ತು ಹತ್ತಿದ ಮೆಟ್ಟಿಲನ್ನು ಕಂಡಕಂಡವರೆಲ್ಲ ಹತ್ತುವುದಾದರೆ ನನ್ನ ಹೆಚ್ಚುಗಾರಿಕೆ ಏನು? ದೊಡ್ಡಪ್ಪನನ್ನು ಇಷ್ಟು ವರ್ಷ ಬೈದುಕೊಂಡು ತಿರುಗಿದವನ ಬಾಯಲ್ಲಿ ದೊಡ್ಡಪ್ಪನೇ ಮಾತಾಡಿದ್ದರು.

ಅವರು ಕೌಂಟರ್ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಸರಿ. ಅಂಗಾದ್ರೆ ನೀವೇ ಏಳ್ಕೊಡಿ ಮೇಷ್ಟ್ರೆ" ಎಂದರು. ಅವತ್ತಿನಿಂದ ನಾನು ತಮ್ಮ ಹೋಗಿ ಮೇಷ್ಟ್ರಾದೆ, ನೀನು ಹೋಗಿ ನೀವಾದೆ. ಎರಡೂ ಚುಚ್ಚುವುದಕ್ಕೇ ಇದ್ದವು.

"ನಾನಾ? ಆಗಲ್ಲ ಅಂತ ಈಗ ತಾನೆ ಅಂದೆ."

"ಅದಕ್ಕೇ. ಆಯ್ತದೆ ಅನ್ನೋರು ತಪ್ಪು ಬರದ್ರೂ ಇರ್ಲಿ ಬಿಡು ಅಂತಾರೆ. ಆಗಲ್ಲ ಅಂದೋನು ಒಂದು ಸೊನ್ನೆ ಬಿಡಲ್ಲ."

ವಾರಕ್ಕೆ ನಾಲ್ಕು ದಿನ, ಮಧ್ಯಾಹ್ನ ನನ್ನ ಊಟದ ಹೊತ್ತಿಗೆ, ಗಿರಾಕಿ ಕಡಿಮೆಯಿರುವಾಗ ಪಾಠ. ಫೀಸು ಒಂದು ಲೈಮ್ ಸೋಡ, ಒಂದು ಪ್ಲೇಟು ಮೊಟ್ಟೆ ಬುರ್ಜಿ. ಬಿಯರಿಗೆ ಆಗಲೂ ಕಾರ್ಡು ಕೇಳುತ್ತಿದ್ದರು. ಗಣಿತಕ್ಕೆ ನಾನೇ ಹಿಂದಿನ ರಾತ್ರಿ ಕೂತು ಕಲಿಯಬೇಕಾಗಿತ್ತು. "ಲೆಕ್ಕದಾಗೆ ನಿಮ್ಗೆ ಎಷ್ಟು ಬಂದಿತ್ತು ಮೇಷ್ಟ್ರೆ?" ಎಂದು ಒಂದು ದಿನ ಕೇಳಿದರು. "ಚೆನ್ನಾಗೇ ಬಂದಿತ್ತು" ಎಂದೆ. ಅವರು ನನ್ನ ಮುಖವನ್ನು ಟ್ಯೂಬ್‌ಲೈಟಿಗೆ ಹಿಡಿದ ಕಾರ್ಡಿನ ಹಾಗೆ ಒಂದು ಸಲ ನೋಡಿ, ಮುಂದಿನ ಲೆಕ್ಕಕ್ಕೆ ಹೋದರು.

ಅನುಪಾತ ಅವರಿಗೆ ನೀರು ಕುಡಿದಷ್ಟು ಸಲೀಸು. ಮೂವತ್ತು, ಅರವತ್ತು, ತೊಂಬತ್ತು ಎಂದು ದಿನಾ ಸುರಿದ ಕೈ. ಸಿಲಿಂಡರಿನ ಗಾತ್ರ ಕಂಡುಹಿಡಿ ಎಂದರೆ ಸೂತ್ರ ಬರೆಯುವ ಮೊದಲೇ ಕಣ್ಣಳತೆಯಲ್ಲಿ ಉತ್ತರ ಹೇಳುತ್ತಿದ್ದರು, ಸರಿಯಾಗಿರುತ್ತಿತ್ತು. "ಹೆಜ್ಜೆ ಬರೀಬೇಕು ಅಣ್ಣ, ಬರೀ ಉತ್ತರಕ್ಕೆ ಮಾರ್ಕ್ಸಿಲ್ಲ" ಎಂದರೆ, "ಉತ್ತರ ಸರಿ ಐತಲ್ಲಾ?" ಎನ್ನುವರು. "ಇದು ನೀವೇ ಮಾಡಿದ್ದು ಅನ್ನೋದಕ್ಕೆ ಪ್ರೂಫ್ ಬೇಕು" ಎಂದೆ. ಅವತ್ತಿನಿಂದ ಹೆಜ್ಜೆ ಬರೆದರು. ತ್ರಿಕೋನಮಿತಿ ಕಂಡರೆ ಮಾತ್ರ ಸಿಟ್ಟು. "ಈ ಕಂಬದ ಎತ್ತರ ಕಟ್ಕೊಂಡು ನಂಗೇನು? ಎತ್ತರ ಬೇಕಾದೋರು ಏಣಿ ಆಕ್ಕೊಂಡು ಅಳೀಲಿ."

ಪರೀಕ್ಷೆ ಬಂತು. ಕೇಂದ್ರ ಯಶವಂತಪುರದ ಕಡೆಯ ಒಂದು ಶಾಲೆ. ಅವರಂತೆ ಹೊರಗಿನಿಂದ ಕಟ್ಟಿದವರು ಹಾಲ್ ಟಿಕೆಟಿನ ಜೊತೆ ಗುರುತಿನ ಕಾರ್ಡನ್ನೂ ಗೇಟಿನಲ್ಲಿ ತೋರಿಸಬೇಕಿತ್ತು. ಮೊದಲ ಎರಡು ಪರೀಕ್ಷೆ ಸುಸೂತ್ರ ಮುಗಿದವು. ಗಣಿತದ ಹಿಂದಿನ ದಿನ ನನಗೆ ಫೋನ್ ಮಾಡಿ, "ನಾಳೆ ನೀವೂ ಗೇಟ್‌ಗಂಟ ಬನ್ನಿ. ಬರೋವಾಗ ಕಾರ್ಡ್ ಇಟ್ಕಂಡ್ ಬನ್ನಿ, ಪರೀಕ್ಷೆ ಜಾಗ, ಮರೀಬೇಡಿ" ಎಂದರು. ಅಮ್ಮನ ಕಾಲು ಹಿಡಿದು ಕಾರ್ಡು ಇಸಿದುಕೊಂಡು, ಗೆಳೆಯನ ಸ್ಕೂಟರಿನಲ್ಲಿ ಹೋದೆ.

ಗೇಟಿನ ಬಳಿ ಅವರು ಗರಿಗರಿ ಬಿಳಿ ಅಂಗಿಯಲ್ಲಿ ನಿಂತಿದ್ದರು. ಹಿಂದೆ ಹೋಗಿದ್ದ ಸಬ್ಜೆಕ್ಟು, ಇದಕ್ಕಾದರೂ ಹೊಸ ಅಂಗಿ ಹಾಕಿಕೊಂಡು ಹೋಗಿ ಎಂದು ಹೆಂಡತಿ ಇಸ್ತ್ರಿ ಮಾಡಿಸಿ ಕಳಿಸಿದ್ದರು. ಗೇಟಿನಲ್ಲಿದ್ದ ಟೀಚರು ಹಾಲ್ ಟಿಕೆಟ್ ನೋಡಿ, "ಐಡಿ?" ಎಂದರು. ಅವರ ಕೈ ಜೇಬಿಗೆ ಹೋಯಿತು. ಖಾಲಿ ಹೊಸ ಜೇಬು. ಕಾರ್ಡು ಹಳೆಯ ಅಂಗಿಯಲ್ಲಿತ್ತು. ಹಿಂದಿನ ಪರೀಕ್ಷೆ ಮುಗಿಸಿ ಸೀದಾ ಡ್ಯೂಟಿಗೆ ಹೋಗಿ, ಅಂಗಿ ಕಳಚಿ ಬಾರಿನ ಮೊಳೆಗೆ ಸಿಕ್ಕಿಸಿ, ಮರೂನ್ ಅಂಗಿಯಲ್ಲೇ ಮನೆಗೆ ಹೋಗಿದ್ದರು.

ಜೀವಮಾನದಲ್ಲಿ ಎಷ್ಟು ಸಾವಿರ ಸಲ ಆ ಪ್ರಶ್ನೆ ಕೇಳಿದ್ದರೋ, ಅವರ ಮುಖ ಈಗ ಅದೇ ಪ್ರಶ್ನೆಯ ಎದುರು ಬಿಳಿಚಿಕೊಂಡಿತು. ನಾನು ಮುಂದೆ ನುಗ್ಗಿದೆ.

"ಮೇಡಂ, ಮೊನ್ನೆ ನೀವೇ ನೋಡಿ ಒಳಗೆ ಬಿಟ್ರಲ್ಲಾ!"

"ಮೊನ್ನೆ ನೋಡಿದ್ದು ಮೊನ್ನೆಗಾಯ್ತು ಸಾರ್."

"ನನ್ನ ಕಾರ್ಡ್ ಇದೆ, ನೋಡಿ. ಇವರು ನನಗೆ ಚೆನ್ನಾಗಿ ಪರಿಚಯ—"

ಅವರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. "ಸುಮ್ಕಿರಿ ಮೇಷ್ಟ್ರೆ. ಆಯಮ್ಮ ಸರಿಯಾಗೇ ಮಾಡ್ತಾವ್ಳೆ." ಆ ದನಿಯಲ್ಲಿ ಟೀಚರ ಬಗ್ಗೆ ಮೆಚ್ಚುಗೆಯಿತ್ತು. ಒಬ್ಬ ಕಸುಬುದಾರ ಇನ್ನೊಬ್ಬನನ್ನು ನೋಡುವ ಹಾಗೆ ನೋಡುತ್ತಿದ್ದರು.

ಗೇಟು ಮುಚ್ಚಲು ಅರ್ಧ ಗಂಟೆಯಿತ್ತು. ಸ್ಕೂಟರ್ ತಿರುಗಿಸಿದೆ. ಮತ್ತಿಕೆರೆಗೆ ಬಂದರೆ ಬಾರು ಇನ್ನೂ ತೆರೆದಿಲ್ಲ. ಹೊಸ ಸಾಹುಕಾರ ನೇಮಿಸಿದ ಹೊಸ ಸೆಕ್ಯುರಿಟಿ ಅಡ್ಡ ನಿಂತ. ಒಳಗೆ ಹೋಗಬೇಕೆಂದೆ. "ಐಡಿ?" ಎಂದ. ನನ್ನ ಜೀವನದಲ್ಲಿ ಮೊದಲ ಸಲ, ಕೇಳಿದ ತಕ್ಷಣ, ನಿಂತ ಜಾಗದಲ್ಲಿ, ಜೇಬಿನಿಂದ ಕಾರ್ಡು ತೆಗೆದು ಕೊಟ್ಟೆ. ನೆನಪು ಮಾಡಿ ತರಿಸಿದವರು ತಮ್ಮದನ್ನು ಮೊಳೆಗೆ ನೇತುಹಾಕಿ ಬಿಸಿಲಲ್ಲಿ ನಿಂತಿದ್ದರು.

ನಾನು ವಾಪಸು ಬಂದಾಗ ಟೀಚರು ಗೇಟಿನ ಒಂದು ಬಾಗಿಲು ಎಳೆದಾಗಿತ್ತು. ಅವರು ಕಾರ್ಡು ಕಿತ್ತುಕೊಂಡು ಅದರ ಸಂದಿಯಲ್ಲಿ ಚಾಚಿದರು. ಟೀಚರು ನೋಡಿ ಸರಿ ಎಂದು ತಲೆಯಾಡಿಸಿದರು. ಓಡಿ ಒಳಗೆ ಹೋಗುವುದು ಬಿಟ್ಟು ಈ ಮನುಷ್ಯ ಅಲ್ಲೇ ನಿಂತು, "ಅಂಗ್ ನೋಡಿದ್ರೆ ಗೊತ್ತಾಗಲ್ಲ ಕಣಮ್ಮ, ಅಂಚು ಕೆರ್ದ್ ನೋಡು" ಎಂದು ಹೇಳಿಕೊಡತೊಡಗಿದರು. ನಾನು ಬೆನ್ನಿಗೆ ಕೈ ಹಾಕಿ ಒಳಗೆ ತಳ್ಳಿದೆ.

ಪಾಸಾದರು. ಇಂಟರ್‌ನೆಟ್ಟಿನಲ್ಲಿ ರಿಸಲ್ಟು ನೋಡಿ ನಾನು ಹೇಳಿದರೆ ನಂಬಲಿಲ್ಲ. "ಫೋನಾಗೆ ಬಂದಿದ್ದು ನಮ್ಮತ್ರ ನಡ್ಯಲ್ಲ" ಎಂದು ಮಾರ್ಕ್ಸ್ ಕಾರ್ಡು ಬರುವವರೆಗೆ ಯಾರಿಗೂ ಹೇಳಲೂ ಬಿಡಲಿಲ್ಲ. ಅದು ಬಂದ ದಿನ ಇಬ್ಬರೂ ಶಾಲೆಗೆ ಹೋದೆವು. ಗುಮಾಸ್ತರು ಕೇಳುವ ಮೊದಲೇ ಇವರ ಗುರುತಿನ ಕಾರ್ಡು ಮೇಜಿನ ಮೇಲಿತ್ತು. ಅಲ್ಲಿಂದ ಏಜೆನ್ಸಿಯ ಹುಡುಗಿಗೆ ಒಂದು ಪ್ರತಿ ಹೋಯಿತು. ಅವರು ಮತ್ತೆ ಐದು ವರ್ಷ, ಮಂಡಿ ಸಹಿಸುವವರೆಗೆ, ಇಳಿಬಿಟ್ಟ ಬಲ್ಬುಗಳ ಕೆಳಗೆ ಅದೇ ಕೌಂಟರಿನಲ್ಲಿ ನಿಂತರು. ಒರಿಜಿನಲ್ ಹಿಡಿದುಕೊಂಡು ನಾವು ಅವರ ಮನೆಗೆ ಹೋದೆವು.

ಯಲಹಂಕದ ಪಕ್ಕ ಎಂದರೆ ಯಾವ ಕಡೆ ಎಂದು ನನಗೆ ತಿಳಿದದ್ದು ಆವತ್ತು. ಮೂರು ಕಡೆ ಅಪಾರ್ಟ್‌ಮೆಂಟು ಎದ್ದು, ಮಧ್ಯದಲ್ಲಿ ಉಳಿದುಕೊಂಡ ಶೀಟಿನ ಮನೆ. ಜಗಲಿಯ ಮೇಲೆ ಅವರ ತಾಯಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಎಂಬತ್ತರ ಮೇಲಾಗಿದೆ, ಓದು ಬಾರದು. ಬಹಳ ವರ್ಷ ಯಲಹಂಕದ ಸಂತೆಯಲ್ಲಿ ತರಕಾರಿ ಮಾರಿದವರು. ಅವರು ಮಾರ್ಕ್ಸ್ ಕಾರ್ಡನ್ನು ಎರಡೂ ಕೈಯಲ್ಲಿ ತಾಯಿಗೆ ಕೊಟ್ಟರು.

ಮುದುಕಿ ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡರು. ಬಿಸಿಲಿಗೆ ಹಿಡಿದರು. ತಿರುಗಿಸಿದರು. ಆಮೇಲೆ ಸೋರೆಕಾಯಿ ಎಳೆಯದೋ ಬಲಿತದ್ದೋ ಎಂದು ನೋಡುವವರ ಹಾಗೆ, ಹೆಬ್ಬೆರಳಿನ ಉಗುರನ್ನು ಮೂಲೆಯ ಸೀಲಿಗೆ ಒತ್ತಿ ಒಂದು ಸಲ ಕೆರೆದರು. ಉಗುರನ್ನು ಕಣ್ಣ ಹತ್ತಿರ ತಂದು ನೋಡಿಕೊಂಡರು. ಬಣ್ಣ ಬಂದಿರಲಿಲ್ಲ.

"ಲೆಕ್ಕದಾಗೆ ಎಷ್ಟು ಬಂದೈತೆ, ಓದಪ್ಪಾ" ಎಂದು ನನಗೆ ಕೊಟ್ಟರು.

"ಮೂವತ್ತಾರು ಅಜ್ಜಿ."

"ಇವ್ನ ಕೈಲಿ ಆಗಲ್ಲ ಅಂದೋನು ನೀನೇ ಅಲ್ವಾ?"

"ಹೂಂ ಅಜ್ಜಿ."

"ನಿಂಗೆಷ್ಟು ಬಂದಿತ್ತು?"

ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ಬಿಳಿ ಅಂಗಿಯ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳತೊಡಗಿದರು. ನಾನು ಗಂಟಲು ಸರಿಮಾಡಿಕೊಂಡು, "ನೆನಪಿಲ್ಲ ಅಜ್ಜಿ. ಮಾರ್ಕ್ಸ್ ಕಾರ್ಡು ಮನೇಲಿದೆ" ಎಂದೆ.

ಮುದುಕಿ ಮಗನ ಮಾರ್ಕ್ಸ್ ಕಾರ್ಡನ್ನು ನನ್ನ ಕೈಯಿಂದ ವಾಪಸು ಇಸಿದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು.

"ಓಗಿ ತಗೊಂಬಾ. ಅಲ್ಲೀಗಂಟ ನಮ್ ಉಡುಗುಂದೇ ಜಾಸ್ತಿ."